ಶನಿವಾರದ ಬ್ಯಾಟಿ, ಐತವಾರದ ಗಾಳ

ಜಮಖಂಡಿಯಲ್ಲಿ ಮಾಸ್ತರಿಕೆ, ಮುಧೋಳದ ಹತ್ತಿರ ಘಟಪ್ರಭೆಯ ದಂಡೆಗೆ ಎರಡೂವರೆ ಎಕರೆ ಹೊಲ, ಬೀಳಗಿ ಸೀಮೆಯಲ್ಲಿ ಸೋದರಮಾವನ ಮನೆ, ಬನಹಟ್ಟಿಯಲ್ಲಿ ಹೆಂಡತಿಯ ತವರು. ಈ ನಾಲ್ಕರ ನಡುವೆ ಸಿಕ್ಕಿಕೊಂಡವನಿಗೆ ರಜೆ ಎಂಬುದು ಕ್ಯಾಲೆಂಡರಿನಲ್ಲಿ ಕೆಂಪಗೆ ಅಚ್ಚಾದ ಅಂಕಿ, ಅಷ್ಟೇ. ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ಅವ್ವನ ಫೋನು ಬಂದೇ ಬರುತ್ತದೆ.

"ಬರೂವಾಗ ಒಂದ ಚೀಲ ಹಿಂಡಿ ತಾ. ಮೋಟರ್ ನೀರ ಎಳೀವಲ್ದು, ಫುಟ್‌ವಾಲ್ವ್ ತಗದು ನೋಡಬೇಕಂತ. ಕಣಕಿ ಬಣವಿ ವಾಲೇತಿ. ಮತ್ತ ಆ ಮೋತಿ ಬಾಂದದ ಮ್ಯಾಲ ನಿಂತು ಗುಡ್ಡದ ಕಡೆ ನೋಡಾಕತ್ತೈತಿ. ಅದಕ್ಕೇನ ಬೇಕು, ನೀನ ಕೇಳು."

ಮೋತಿಗೆ ಏನು ಬೇಕೆಂಬುದು ಅವ್ವನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಮೊಲ ಬೇಕು. ಮೋತಿ ಅಪ್ಪಟ ಮುಧೋಳದ ಹೆಣ್ಣು ನಾಯಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ನೋಡಿದವರು "ಇದಕ್ಕ ಕೂಳು ಹಾಕೂದಿಲ್ಲೇನ್ರಿ?" ಎಂದು ನಮ್ಮನ್ನೇ ಗದರುತ್ತಾರೆ. ನೆಲ ಮೂಸುತ್ತ ವಾಸನೆಯ ಬೆನ್ನು ಹತ್ತುವ ಜಾತಿಯಲ್ಲ ಇದು. ಕಣ್ಣಿನಿಂದಲೇ ಬೇಟೆಯಾಡುವ ಜಾತಿ. ದೂರದ ಗರಿಕೆಯಲ್ಲಿ ಏನಾದರೂ ಮಿಸುಕಿದರೆ ಮೊದಲು ಕುತ್ತಿಗೆ ನಿಮಿರುತ್ತದೆ, ಮರುಗಳಿಗೆ ನಾಯಿಯೇ ಅಲ್ಲಿರುವುದಿಲ್ಲ. ತೊಡಕು ಇರುವುದು ನಮ್ಮ ಮನೆಯಲ್ಲಿ. ತತ್ತಿ ಕೂಡ ಹೊಸ್ತಿಲು ದಾಟಿ ಬರದ ಮನೆ ನಮ್ಮದು. ಬೇಟೆಗೆಂದೇ ಹುಟ್ಟಿದ ಜೀವ ಜೋಳದ ನುಚ್ಚು, ಹಾಲು, ನಿನ್ನಿನ ರೊಟ್ಟಿ ತಿಂದು ಬೆಳೆದಿದೆ. ಶ್ರಾವಣ ಸೋಮವಾರ ಅವ್ವ ಒಪ್ಪತ್ತು ಹಿಡಿದರೆ ಅದೂ ಅವಳ ಜೊತೆಗೇ ಉಣ್ಣುತ್ತದೆ.

ಇದರ ವಂಶದ ಕತೆ ಮಾತ್ರ ನಮ್ಮ ವಂಶದ ಕತೆಗಿಂತ ದೊಡ್ಡದು. ಪರ್ಷಿಯಾ, ಮಧ್ಯ ಏಷ್ಯಾದ ಕಡೆಯಿಂದ ದಂಡಿನವರ, ವ್ಯಾಪಾರಿಗಳ ಸಂಗಡ ದಖ್ಖನ್ನಿಗೆ ಇದರ ಪೂರ್ವಿಕರು ಬಂದರೆಂದು ಹೇಳುತ್ತಾರೆ. ಇಲ್ಲಿ ಅವುಗಳ ಓಟ ನೋಡಿ ಆರಿಸಿ, ಸಾಕಿ, ತಳಿ ಕೆಡದಂತೆ ನೋಡಿಕೊಂಡವರು ಬೇಡರು ಮತ್ತು ಅವರಂಥ ಬೇಟೆಗಾರರು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರ ಕಣ್ಣಿಗೆ ಈ ನಾಯಿಗಳು ಬಿದ್ದವು. ಅರಮನೆಯ ಆಶ್ರಯ ಸಿಕ್ಕಿತು, ಮರಿಗಳು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋದವು, ನಮ್ಮೂರ ಹೆಸರು ನಾಯಿಯ ಹೆಸರಾಯಿತು. 1948ರಲ್ಲಿ ಸಂಸ್ಥಾನ ವಿಲೀನವಾದರೂ ನಾಯಿಯ ಬಡ್ತಿ ನಿಲ್ಲಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದಿತು. ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯ ಈ ತಳಿಗೆಂದೇ ಕೇಂದ್ರ ತೆರೆಯಿತು. 2016ರಲ್ಲಿ ಅಲ್ಲಿಂದ ಮರಿಗಳು ಮೀರತ್‌ಗೆ, ಸೈನ್ಯದ ತರಬೇತಿಗೆ ಹೋದವು. ಗುಡಿಸಲಿನಿಂದ ಅರಮನೆ, ಅರಮನೆಯಿಂದ ಲಂಡನ್, ಆಮೇಲೆ ಅಂಚೆಚೀಟಿ, ಕೊನೆಗೆ ಸೈನ್ಯ. ನಾನು ಮಾಸ್ತರನಾಗಿ ಸೇರಿದವನು ಇನ್ನೂ ಮಾಸ್ತರನೇ ಇದ್ದೇನೆ.

ನಮ್ಮ ಮೋತಿಗೆ ಮಾತ್ರ ಯಾವ ನೌಕರಿಯೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಸಣ್ಣಪುಟ್ಟ ಬೇಟೆಗೆ ಲೈಸೆನ್ಸಿನ ದಾರಿ ಒಂದಿಷ್ಟು ತೆರೆದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಈಗ ಮೊಲದ ಬೆನ್ನು ಹತ್ತಿಸಿದರೆ ಕೇಸು ನಾಯಿಯ ಮೇಲಲ್ಲ, ನನ್ನ ಮೇಲೆ. ಮೋತಿ ದಿಟ್ಟಿಸುವ ಗುಡ್ಡಗಳ ಸಾಲಿನಲ್ಲೇ, ಬೀಳಗಿ-ಮುಧೋಳ ತಾಲೂಕುಗಳ ನಡುವೆ, ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಬೇರೆ ಆಗಿದೆ. ಒಂದು ಕಾಲಕ್ಕೆ ಈ ನಾಯಿ ಬೆನ್ನಟ್ಟಿದ ಚಿಂಕಾರ ಇಂದು ಸರಕಾರದ ಅತಿಥಿ. ಆಗಬೇಕಾದದ್ದೇ ಆಗಿದೆ, ಅದರಲ್ಲಿ ನನಗೆ ತಕರಾರಿಲ್ಲ. ಮೋತಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬುದೇ ಪ್ರಶ್ನೆ.

ಹಾಗಾಗಿ ಶನಿವಾರದ ಬ್ಯಾಟಿ ಎಂದರೆ ನಮ್ಮಲ್ಲಿ ಹಂದಿ ಓಡಿಸುವುದು. ಕಾರ್ತಿಕ ಮುಗಿಯುವ ಹೊತ್ತಿಗೆ ಕಬ್ಬು ಆಳೆತ್ತರ ಮೀರಿ ನಿಂತಿರುತ್ತದೆ, ಕಡಿಯುವ ಗ್ಯಾಂಗು ಬರಲು ಇನ್ನೂ ವಾಯಿದೆ ಇರುತ್ತದೆ. ಅಷ್ಟರೊಳಗೆ ಹಂದಿಗಳು ತಮ್ಮ ಪಾಲಿನ ಹಂಗಾಮು ಮುಗಿಸಿಬಿಡುತ್ತವೆ; ತಿನ್ನುವುದಕ್ಕಿಂತ ಕೆಡವಿ ಹಾಕುವುದೇ ಹೆಚ್ಚು. ಹಗಲೆಲ್ಲ ಫುಟ್‌ವಾಲ್ವಿನ ಕಸ ತೆಗೆದು, ಬಣವೆಗೆ ಆನಿಕೆ ಕೊಟ್ಟು, ಎಮ್ಮೆ ಮೈ ತೊಳೆದು ಸಾಕಾಗಿ ಕೂತರೆ ನಡುರಾತ್ರಿ ತ್ರೀ ಫೇಸ್ ಕರೆಂಟು ಬರುತ್ತದೆ. ಅದರ ಜೊತೆಗೇ ಹಂದಿಯೂ ಬರುತ್ತದೆ. ನೀರು ತಿರುವಲು ಸಲಿಕೆ ಒಂದು ಕೈಯಲ್ಲಿ, ಬ್ಯಾಟರಿ ಇನ್ನೊಂದು ಕೈಯಲ್ಲಿ. ಮೋತಿಯ ಹಗ್ಗ ನಡುವಿಗೆ ಕಟ್ಟಿಕೊಂಡಿರುತ್ತೇನೆ. ಬಿಟ್ಟರೆ ಹಂದಿಯ ಕೋರೆಗೆ ಈ ತೆಳು ಚರ್ಮ ತಡೆಯುವುದಿಲ್ಲ.

ಬೆಂಬಲಕ್ಕೆ ಬರುವವನು ಪಕ್ಕದ ಹೊಲ ಕಾಯುವ ಕಾಕಾ. ಹಲಗಲಿ ಕಡೆಯವನು. ಅವನ ಆಯುಧ ಒಂದು ಖಾಲಿ ಎಣ್ಣೆ ಡಬ್ಬಿ, ಒಂದು ಕಟಿಗಿ. ಅದನ್ನು ಬಡಿಯುತ್ತ ಕಬ್ಬಿನ ಸಾಲು ಹೊಕ್ಕನೆಂದರೆ ಹಂದಿಯಷ್ಟೇ ಅಲ್ಲ, ನಿದ್ದೆಯೂ ಆ ಸೀಮೆ ಬಿಟ್ಟು ಹೋಗುತ್ತದೆ. ಆಮೇಲೆ ಬಾಂದದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಮಾಸ್ತರ್ರ, ನಮ್ಮ ಮುತ್ತ್ಯಾಗೋಳ ಕೈಯಾಗ ಹತಾರ ಇದ್ದೂವ್ರಿ. ನಮ್ಮ ಕೈಯಾಗ ಡಬ್ಬಿ ಐತಿ" ಎಂದು ನಗುತ್ತಾನೆ.

ಹತ್ತನೆಯ ತರಗತಿಯ ಹುಡುಗರಿಗೆ ಹಲಗಲಿ ಬೇಡರ ಲಾವಣಿ ಪಾಠ ಮಾಡುವವನು ನಾನು. ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ, ನಮ್ಮ ಶಾಸನಗಳ ದೊಡ್ಡ ವಿದ್ವಾಂಸ, ಸಂಗ್ರಹಿಸಿ ಉಳಿಸಿದ ಹಾಡು ಅದು. 1857ರಲ್ಲಿ ಕುಂಪಣಿ ಸರಕಾರ ಜನರ ಕೈಯಲ್ಲಿದ್ದ ಆಯುಧ ಒಪ್ಪಿಸಿಕೊಳ್ಳುವ ಕಾನೂನು ತಂದಿತು. ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಮಂದಿಯನ್ನು ಗಲ್ಲಿಗೇರಿಸಿದರು. ತರಗತಿಯಲ್ಲಿ ಇದನ್ನು ಸ್ವಾತಂತ್ರ್ಯದ ಹೋರಾಟವೆಂದು ಹೇಳಿ ಮುಗಿಸುತ್ತೇನೆ, ಪರೀಕ್ಷೆಯಲ್ಲಿ ಅಂಕ ಬರುವುದೂ ಅದಕ್ಕೇ. ಕಾಕಾನ ಪಕ್ಕದಲ್ಲಿ ಕೂತಾಗ ಅದರ ಇನ್ನೊಂದು ಮಗ್ಗುಲು ಕಾಣುತ್ತದೆ. ಮಾನದ ಜೊತೆಗೆ ಅನ್ನವೂ ಅವರಿಗೆ ಆ ಹತಾರದಲ್ಲೇ ಇತ್ತು. ಅವರು ಸಾಕಿದ ನಾಯಿಯ ಹೆಸರು ಲಂಡನ್ನಿಗೆ ಹೋಯಿತು. ಸಾಕಿದವರ ಹೆಸರು ಹೋದದ್ದು ಗಲ್ಲಿನ ಯಾದಿಗೆ.

ಐತವಾರ ಮುಂಜಾನೆ ರವದಿ ಬಳಿದು, ಹಿಂಡಿ ನೆನೆಹಾಕಿ, ಅವ್ವ ಕಟ್ಟಿದ ರೊಟ್ಟಿ-ಶೇಂಗಾ ಹಿಂಡಿಯ ಗಂಟು ಹಿಡಿದು ಬೀಳಗಿಯ ದಾರಿ ಹಿಡಿಯುತ್ತೇನೆ. ಅವ್ವನ ಲೆಕ್ಕದಲ್ಲಿ ಇದು ಮಾವನ ಕ್ಷೇಮ ವಿಚಾರಿಸುವ ಪ್ರವಾಸ. ಗಾಳದ ಕೋಲು ಮಾವನ ಮನೆಯ ಅಟ್ಟದಲ್ಲೇ ಇರುತ್ತದೆ, ಅದರ ಸುದ್ದಿ ನಮ್ಮ ಮನೆಯಲ್ಲಿ ಎತ್ತುವುದಿಲ್ಲ.

ಆಲಮಟ್ಟಿಯಲ್ಲಿ ಕೃಷ್ಣೆಯನ್ನು ತಡೆದ ಮೇಲೆ ಹಿನ್ನೀರು ಬೀಳಗಿ ತಾಲೂಕಿನ ಊರೂರನ್ನೇ ನುಂಗಿತು. ಇಲ್ಲಿಯ ಜನ ದೇವರ ಹೆಸರಿಗಿಂತ ಹೆಚ್ಚು ಸಲ ಉಚ್ಚರಿಸುವುದು 519.60 ಎಂಬ ಅಂಕಿಯನ್ನು. ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲುವ ಎತ್ತರ ಅದು, ಮೀಟರಿನ ಲೆಕ್ಕದಲ್ಲಿ. ಅದನ್ನು 524.256ಕ್ಕೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ದಿನದಿಂದ ಇನ್ನಷ್ಟು ಊರುಗಳು ನೀರಿನ ದಾರಿ ಕಾಯುತ್ತಿವೆ. ಮಾವನ ಕರಿನೆಲ ಮೊದಲ ಸರದಿಯಲ್ಲೇ ಹೋಯಿತು. ಪುನರ್ವಸತಿ ಊರಿನ ಸಾಲುಮನೆಯಲ್ಲಿ ಅವನಿಗೊಂದು ನಂಬರು ಬಂತು.

ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಬೀಸಿದರೆ ಮಾವ ಹಿಂದಿನಿಂದ ಕೂಗುತ್ತಾನೆ. "ಏ, ಅಲ್ಲಿ ಹಾಕಬ್ಯಾಡೋ, ಅಲ್ಲಿ ನಮ್ಮ ಬಾಂವಿ ಐತಿ. ಇತ್ತಾಗ ಹಾಕು, ಬಾಂದ ಐತಿ. ಮೀನ ಬಾಂದದ ಗುಂಟ ಓಡ್ಯಾಡತಾವು."

ಮೀನುಗಾರಿಕೆಯ ಯಾವ ಪುಸ್ತಕದಲ್ಲೂ ಇಲ್ಲದ ವಿದ್ಯೆ ಇದು. ನೀರಿನ ಕೆಳಗಿನ ನೆಲವನ್ನು ಅವನು ನೇಗಿಲಿನಿಂದ ಬಲ್ಲ. ಎಲ್ಲಿ ತಗ್ಗು, ಎಲ್ಲಿ ಕಲ್ಲು, ಎಲ್ಲಿ ಬೇವಿನ ಮರದ ಬೊಡ್ಡೆ, ಎಲ್ಲಿ ಹಂತಿ ಕಟ್ಟುತ್ತಿದ್ದ ಕಣ, ಎಲ್ಲವೂ ಬಾಯಿಪಾಠ. ಬಲೆ ಬೀಸಿ ಬದುಕುವ ಅಂಬಿಗರ ಹುಡುಗರು ಕೂಡ ಅವನನ್ನು ಕೇಳಿಯೇ ತೆಪ್ಪ ತಿರುಗಿಸುತ್ತಾರೆ. ಆದರೂ ಕಾಟ್ಲಾ ತನಗೆ ಮನಸ್ಸು ಬಂದರಷ್ಟೇ ಬರುತ್ತದೆ. ನಮ್ಮ ಮುಧೋಳದ ರನ್ನನ ಕಾವ್ಯದಲ್ಲಿ ಭೀಮ ದಂಡೆಯಲ್ಲಿ ನಿಂತು ಮೂದಲಿಸಿದ್ದಕ್ಕೆ ದುರ್ಯೋಧನ ಕೊಳದಿಂದ ಎದ್ದು ಬಂದ. ಮೀನಿಗೆ ಅಂಥ ಅಭಿಮಾನವಿಲ್ಲ. ಬಂದದ್ದನ್ನು ಆ ಹುಡುಗರ ಬುಟ್ಟಿಗೆ ಹಾಕಿ, ಕೈಗೆ ಸಾಬೂನು ತಿಕ್ಕಿ, ರೊಟ್ಟಿ ಗಂಟು ಬಿಚ್ಚುತ್ತೇವೆ.

ಉಣ್ಣುತ್ತ ಕೂತಾಗ ನನಗೆ ಲೆಕ್ಕ ಹತ್ತುತ್ತದೆ. ಕಾಕಾನ ಹಿರಿಯರಿಗೆ ಬೇಟೆ ಹೊಟ್ಟೆಪಾಡು, ನನಗೆ ಅದು ಶನಿವಾರ ರಾತ್ರಿಯ ಗದ್ದಲ. ಅಂಬಿಗರಿಗೆ ಮೀನು ದುಡಿಮೆ, ನನಗೆ ಕಾಲಹರಣ. ಬನಹಟ್ಟಿಯ ಮಾವನವರು ಕುಣಿಮಗ್ಗದಲ್ಲಿ ಕೂತು ಎಂಟು ಜನರ ಸಂಸಾರ ಸಾಗಿಸಿದರು. ಪಾವರ್‌ಲೂಮಿನ ಸದ್ದಿನ ನಡುವೆ ಅದೇ ಮಗ್ಗದ ಮುಂದೆ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟೇಕೆ, ಅಪ್ಪ ಹಗಲಿರುಳು ಮಾಡಿದ ಒಕ್ಕಲುತನ ನನ್ನ ಪಾಲಿಗೆ ವಾರಕ್ಕೊಮ್ಮೆಯ ವ್ಯಾಯಾಮ. ಒಬ್ಬರ ಬಾಳುವೆ ಕಳಚಿದಲ್ಲೆಲ್ಲ ಇನ್ನೊಬ್ಬರ ಹವ್ಯಾಸ ಹುಟ್ಟಿದೆ. ಆ ಕಳಚುವಿಕೆಗೆ ಪ್ರತಿ ಸಲವೂ ಒಂದು ಕಾಯ್ದೆ, ಒಂದು ನೋಟೀಸು, ಒಂದು ಯಂತ್ರ ಕಾರಣ. ಕೆಲವು ನ್ಯಾಯವಾದವು, ಕೆಲವು ಅಲ್ಲ. ಮಾವನ ಹೊಲದ ಮೇಲೆ ಗಾಳ ಬಿಟ್ಟು ಕೂತವನು ತನ್ನ ಬಿಡುವಿನ ಬೆಲೆ ಯಾರು ಕೊಟ್ಟರೆಂದು ಒಮ್ಮೆಯಾದರೂ ನೆನೆಯಬೇಕು. ಮಾವನಿಗೆ ಇದನ್ನು ಹೇಳಿದರೆ, "ಮೊದಲ ರೊಟ್ಟಿ ತಿನ್ನೋ" ಎನ್ನುತ್ತಾನೆ.

ತಿರುಗುಮುರುಗು ನಡೆಯುವುದೂ ಉಂಟು. ಮುಧೋಳ ಸೀಮೆಯ ಎಷ್ಟೋ ಸಣ್ಣ ಒಕ್ಕಲು ಮನೆಗಳಲ್ಲಿ ಈಗ ನಾಯಿಯೇ ಕೈಹಿಡಿಯುವ ಬೆಳೆ. ಮೊಲ ತರುವುದನ್ನು ಬಿಟ್ಟ ನಾಯಿ, ಮರಿ ಹಾಕಿ ಮಕ್ಕಳ ಫೀ ಕಟ್ಟುತ್ತದೆ. ಮೋತಿಯೂ ಮೊನ್ನೆ ಈದಿದೆ. ಐತವಾರ ಸಂಜೆ ನಾನು ಬೀಳಗಿಯಿಂದ ಬರುವಷ್ಟರಲ್ಲಿ ಹುಬ್ಬಳ್ಳಿಯ ಕಾರೊಂದು ಅಂಗಳದಲ್ಲಿ ನಿಂತಿತ್ತು. ಬಂದವರು ಮರಿಗಳ ಕಾಲು, ಕಿವಿ, ಬಾಲ ಎಲ್ಲ ಪರೀಕ್ಷೆ ಮಾಡಿ, ಸಾವಿರಗಳಲ್ಲಿ ಚೌಕಾಶಿ ನಡೆಸಿ, ಕಡೆಗೆ ಅವ್ವನನ್ನು ಕೇಳಿದರು.

"ಅಮ್ಮಾರ, ಬ್ಯಾಟಿ ಚಲೋ ಆಡತಾವೇನ್ರಿ ಇವು?"

ಅವ್ವ ಹಾಲಿನ ಗಂಗಾಳ ಕೆಳಗಿಟ್ಟು ಹೇಳಿದಳು: "ಬ್ಯಾಟಿ ನೀವ ಕಲಸ್ರೀ ಯಪ್ಪಾ. ರೊಟ್ಟಿ ತಿನ್ನೂದ ನಾ ಕಲಿಸೇನಿ."