ಕೊರಳಲ್ಲಿದ್ದ ಬೇರು

ಕಲಬುರಗಿಯಲ್ಲಿ ಯಾರಾದರೂ ‘ರೋಜಾಕ್ಕ ಹೋಗಿ ಬರ್ತೀನಿ’ ಎಂದರೆ ಅವರು ಹೂ ತರಲು ಹೊರಟಿದ್ದಾರೆಂದು ತಿಳಿಯಬಾರದು. ಖಾಜಾ ಬಂದೇ ನವಾಜ್ ದರ್ಗಾದ ಸುತ್ತಲಿನ ಓಣಿಗಳಿಗೆ ರೋಜಾ ಎಂದು ಹೆಸರು. ಹೂವಿಗೆ ನಮ್ಮ ಕಡೆ ಗುಲಾಬಿ ಎನ್ನುವುದೇ ರೂಢಿ. ರಂಜಾನ್ ತಿಂಗಳ ಉಪವಾಸವನ್ನು ಕನ್ನಡದಲ್ಲಿ ಬರೆದರೆ ಅದೂ ರೋಜಾ. ಮೂರೂ ಬೇರೆ ಬೇರೆ ಶಬ್ದಗಳು, ಕನ್ನಡದ ಅಕ್ಷರಕ್ಕೆ ಬಂದು ಒಂದಾಗಿವೆ. ಉಪವಾಸದ ರೋಜಾ ಫಾರಸಿಯದು, ದಿನ ಎಂಬ ಅರ್ಥದ ‘ರೋಜ್’ನಿಂದ ಬಂದದ್ದು. ಹೂವಿನ ರೋಜಾ ಯುರೋಪಿನ ಕಡೆಯದು. ಓಣಿಯ ರೋಜಾ ಅರಬ್ಬಿಯ ‘ರೌಜಾ’. ಅದರ ಮೊದಲ ಅರ್ಥ ತೋಟ. ಆಮೇಲೆ ತೋಟದ ನಡುವಿನ ಸಮಾಧಿಗೂ ಅದೇ ಹೆಸರಾಯಿತು. ತಾಜ್ ಮಹಲನ್ನು ಕೂಡ ಅದು ಕಟ್ಟಿದ ಕಾಲದಲ್ಲಿ ರೌಜಾ ಎಂದೇ ಬರೆದಿದ್ದಾರೆ. ದಿಲ್ಲಿಯಿಂದ ದಖ್ಖನಿಗೆ ಬಂದು, ಬಹಮನಿಗಳ ಕಲಬುರಗಿಯಲ್ಲಿ ನೆಲೆನಿಂತು, 1422ರಲ್ಲಿ ತೀರಿಕೊಂಡ ಸಂತರ ಸಮಾಧಿಯಿಂದ ನಮ್ಮ ಓಣಿಗೆ ಈ ಹೆಸರು.

ನಾನೂ ನನ್ನ ತಂಗಿಯೂ ಬೆಳೆದದ್ದು ಅಲ್ಲೇ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮುಂದೆ ಒಂದು ಅಂಗಳ, ಅಂಗಳದ ಮೂಲೆಯಲ್ಲಿ ಬೇವಿನ ಮರ, ಅದರ ಆಚೆಗೆ ಅವ್ವನ ಐದು ಗುಲಾಬಿ ಗಿಡಗಳು. ತೋಟ ಎಂದರೆ ಇಷ್ಟೇ.

ಕಲಬುರಗಿಯಲ್ಲಿ ಗುಲಾಬಿ ಬೆಳೆಸುವುದು ಸಣ್ಣ ಕೆಲಸವಲ್ಲ. ನಮ್ಮದು ಎರೆಮಣ್ಣು. ತೊಗರಿಗೆ, ಜೋಳಕ್ಕೆ ಅದರಂಥ ಮಣ್ಣು ಇಲ್ಲ. ಆದರೆ ಗುಲಾಬಿಗೆ ಅದು ಎರಡೂ ಕಾಲಕ್ಕೆ ವೈರಿ. ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅವ್ವನ ತವರು ಕಮಲಾಪುರ, ಹುಮನಾಬಾದ್ ರಸ್ತೆಯ ಮೇಲಿನ ಊರು. ಅಲ್ಲಿನ ಕೆಂಪು ಬಾಳೆ ಹೆಸರುವಾಸಿ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಉಳಿದ ಬಾಳೆಗಿಂತ ಅದು ಗೊನೆ ಕೊಡಲು ಹೆಚ್ಚು ತಿಂಗಳು ತೆಗೆದುಕೊಳ್ಳುತ್ತದೆ, ಗೊಬ್ಬರವನ್ನೂ ನೀರನ್ನೂ ಹೆಚ್ಚು ಕೇಳುತ್ತದೆ. ಮಾಮಾನ ಬಾಳೆ ತೋಟದ ಕೆಂಪು ಮಣ್ಣು ವರ್ಷಕ್ಕೊಮ್ಮೆ ಎರಡು ಚೀಲದಲ್ಲಿ ತುಂಬಿಕೊಂಡು ಬಸ್ಸಿನ ಮೇಲೆ ನಮ್ಮ ಮನೆಗೆ ಬರುತ್ತಿತ್ತು. ಕಂಡಕ್ಟರ್ ಪ್ರತಿ ಸಲ ‘ಇದೇನ್ರೀ ಅಕ್ಕಾರ, ಮಣ್ಣಿಗೂ ಟಿಕೆಟ್ ತಗೋಬೇಕೇನು?’ ಎಂದು ಕೇಳುತ್ತಿದ್ದ. ‘ತವರು ಮನಿ ಮಣ್ಣದ. ನೀವೇ ವಿಚಾರ ಮಾಡ್ರಿ’ ಎಂದು ಅವ್ವ ಅನ್ನುತ್ತಿದ್ದಳು.

ಎರಡು ಅಡಿ ಗುಂಡಿ ತೋಡಿ, ಎರೆಮಣ್ಣು ತೆಗೆದು ಹಾಕಿ, ಕೆಂಪು ಮಣ್ಣು, ಉಸುಕು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿ ತುಂಬಬೇಕು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ, ಗಿಡ ಸವರಬೇಕು. ಒಣಗಿದ ಕಡ್ಡಿ, ಒಂದಕ್ಕೊಂದು ತಿಕ್ಕುವ ಕಡ್ಡಿ ಮೊದಲು ಹೋಗಬೇಕು. ಉಳಿದದ್ದನ್ನು ಹೊರಗೆ ಮುಖ ಮಾಡಿದ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಬೇಕು, ಆಗ ಹೊಸ ಟೊಂಗೆ ಹೊರಗೆ ಹೋಗಿ ಗಿಡದ ನಡುವೆ ಗಾಳಿ ಆಡುತ್ತದೆ. ಕಸಿ ಗಂಟಿನ ಕೆಳಗಿಂದ ಎದ್ದ ಚಿಗುರನ್ನು ಬುಡಸಮೇತ ಕೀಳಬೇಕು. ಅದು ಕಾಡುಗುಲಾಬಿಯ ಚಿಗುರು. ಬಿಟ್ಟರೆ ಮೇಲಿನ ಗಿಡದ ಪಾಲನ್ನೂ ಅದೇ ತಿನ್ನುತ್ತದೆ. ಇಷ್ಟು ಮಾಡಿದರೆ ಡಿಸೆಂಬರಿನಿಂದ ಶಿವರಾತ್ರಿಯವರೆಗೂ ಹೂವು. ಆಮೇಲೆ ಬರುವ ಬೇಸಿಗೆಯಲ್ಲಿ ಹೂವಿನ ಆಸೆ ಬಿಟ್ಟು ಗಿಡದ ಜೀವ ಉಳಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ದಾಟುವ ಊರು ನಮ್ಮದು. ಅವ್ವ ಬುಡಕ್ಕೆ ತೊಗರಿ ಹೊಟ್ಟು ಹರವಿ, ಅಕ್ಕಿ ಬೇಳೆ ತೊಳೆದ ನೀರನ್ನು ಹೊತ್ತು ಮುಳುಗಿದ ಮೇಲೆ ಹಾಕುತ್ತಿದ್ದಳು. ‘ನೀರು ಗಿಡಕ್ಕ ಹಾಕೂದಲ್ಲ, ಮಣ್ಣಿಗಿ ಹಾಕೂದು’ ಎನ್ನುವುದು ಅವಳ ಮಾತು.

ಆ ಹೂವುಗಳಲ್ಲಿ ಸೋಮವಾರದ್ದು ಶರಣಬಸವೇಶ್ವರ ಗುಡಿಗೆ, ಗುರುವಾರದ್ದು ದರ್ಗಾಕ್ಕೆ ಹೋಗುತ್ತಿದ್ದವು. ಓಣಿಯಲ್ಲಿ ಬಹಳ ಮಂದಿ ಹೀಗೇ ಮಾಡುತ್ತಿದ್ದರು. ಇದರಲ್ಲಿ ವಿಶೇಷವೇನಾದರೂ ಇದೆ ಎಂದು ಆಗ ಯಾರಿಗೂ ಅನಿಸಿರಲಿಲ್ಲ.

1987ರಲ್ಲಿ, ತಂಗಿಗೆ ಏಳು ವರ್ಷವಿದ್ದಾಗ, ಮೊದಲ ಸಲ ಫಿಟ್ಸ್ ಬಂತು. ಊಟಕ್ಕೆ ಕುಳಿತವಳು ತಟ್ಟೆಯ ಮೇಲೆಯೇ ಬಿದ್ದಳು. ಪಕ್ಕದ ಮನೆಯ ಖಾಲಾ ಓಡಿ ಬಂದು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಯಾರೋ ಕಬ್ಬಿಣದ ಕೀಲಿಕೈ ಕೈಗೆ ಕೊಟ್ಟರು. ಮರುದಿನ ಡಾಕ್ಟರು ಇದ್ಯಾವುದೂ ಬೇಡ ಎಂದರು. ಮಗ್ಗುಲಾಗಿ ಮಲಗಿಸಿ, ಬಾಯಲ್ಲಿ ಏನೂ ತುರುಕಬೇಡಿ, ಗಡಿಯಾರ ನೋಡುತ್ತ ಕುಳಿತುಕೊಳ್ಳಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ತನ್ನಿ, ಗುಳಿಗೆ ಒಂದು ದಿನವೂ ತಪ್ಪಿಸಬೇಡಿ. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಮುಂದಿನ ಹನ್ನೊಂದು ವರ್ಷ ಒಂದು ಗುಳಿಗೆಯೂ ತಪ್ಪಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಒಂದು ಕುಂಕುಮದ ಚುಕ್ಕೆ ಇಡುತ್ತಿದ್ದಳು.

ಖಾಲಾ ಇಷ್ಟಕ್ಕೇ ಬಿಡಲಿಲ್ಲ. ದರ್ಗಾದ ರಸ್ತೆಯಲ್ಲಿದ್ದ ಯುನಾನಿ ಔಷಧದ ಅಂಗಡಿಗೆ ಅವ್ವನನ್ನು ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಅಂಗಡಿಯ ಹಿರಿಯರು ಡಬ್ಬಿಯಿಂದ ಬೆರಳುದ್ದದ ಒಣ ಬೇರೊಂದನ್ನು ತೆಗೆದು, ಒಂದು ತುಂಡು ಕತ್ತರಿಸಿ, ರಂಧ್ರ ಕೊರೆದು ಕರಿ ದಾರ ಪೋಣಿಸಿಕೊಟ್ಟರು. ಹೆಸರು ಕೇಳಿದಾಗ ‘ಊದ್ ಸಲೀಬ್’ ಎಂದರು. ಜೊತೆಗೆ ಒಂದು ಮಾತನ್ನೂ ಹೇಳಿದರು: ‘ಡಾಕ್ಟರ್ ಗುಳಿಗಿ ಬಂದ್ ಮಾಡಬ್ಯಾಡ್ರಿ ಅವ್ವಾರ. ಇದು ಇದರ ಪಾಡಿಗಿ ಇರ್ಲಿ.’

ಆ ದಾರ ತಂಗಿಯ ಕೊರಳಿಗೆ ಬಂತು. ನಮ್ಮ ಓಣಿಯ ಅರ್ಧ ಮಕ್ಕಳ ಕೊರಳಲ್ಲಿ ಒಂದಲ್ಲ ಒಂದು ತಾಯಿತ ಇರುತ್ತಿತ್ತು. ಹಾಗಾಗಿ ಇದು ಯಾವುದಕ್ಕೆ ಎಂದು ಕೇಳುವವರು ಇರಲಿಲ್ಲ. ಕೇಳದೇ ಇದ್ದದ್ದೇ ದೊಡ್ಡ ಉಪಕಾರ. ಮೂರ್ಛೆ ರೋಗ ಎಂದು ಶಾಲೆಯಲ್ಲಿ ಗೊತ್ತಾದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಬಂಧುಗಳಲ್ಲಿ ಗೊತ್ತಾದರೆ ಮುಂದೆ ಮದುವೆಯಿಲ್ಲ ಎಂಬ ಹೆದರಿಕೆ ಅಪ್ಪನಿಗಿತ್ತು. ಅದು ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಮತ್ತೆ ಮತ್ತೆ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ. ಮದುವೆ ಆಗಿದ್ದರೆ ಅದನ್ನು ನ್ಯಾಯಾಲಯದಲ್ಲಿ ರದ್ದು ಮಾಡಿಸಬಹುದಿತ್ತು. ಗುಳಿಗೆಯಿಂದ ಹದ್ದಿನಲ್ಲಿಡಬಹುದಾದ ಒಂದು ಕಾಯಿಲೆಯನ್ನು ಕಾನೂನು ಬುದ್ಧಿಭ್ರಮಣೆಯ ಸಾಲಿನಲ್ಲಿ ಕೂರಿಸಿತ್ತು. 1999ರಲ್ಲಿ ಆ ಒಂದು ಪದವನ್ನು ಕಾಯ್ದೆಯಿಂದ ತೆಗೆದುಹಾಕಿದರು.

ತಂಗಿಗೆ ಕೊನೆಯ ಸಲ ಫಿಟ್ಸ್ ಬಂದದ್ದು 1994ರಲ್ಲಿ. ನಾಲ್ಕು ವರ್ಷ ಕಾದು, ಡಾಕ್ಟರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. 2004ರಲ್ಲಿ ಸಂಬಂಧ ಕೂಡಿ ಬಂದಾಗ ಮನೆಯಲ್ಲಿ ಎರಡು ದಿನ ಜಗಳ. ಹಿರಿಯರೆಲ್ಲ ಒಂದೇ ಮಾತು: ಬಿಟ್ಟು ಹೋದ ಕಾಯಿಲೆ, ಹೇಳುವುದೇಕೆ? ತಂಗಿ ಯಾರಿಗೂ ತಿಳಿಸದೆ ಹುಡುಗನಿಗೆ ತಾನೇ ಫೋನ್ ಮಾಡಿ ಹೇಳಿದಳು. ಅವರು ಒಂದು ದಿನ ಸಮಯ ಕೇಳಿದರು. ಆ ಒಂದು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮರುದಿನ ಸಂಜೆ ಅವರಿಂದ ಬಂದದ್ದು ಒಂದೇ ಪ್ರಶ್ನೆ: ‘ಆಕಸ್ಮಾತ್ ಬಂದರೆ ನಾನು ಏನು ಮಾಡಬೇಕು, ಅಷ್ಟು ಕಲಿಸಿಕೊಡಿ.’ ಮಗ್ಗುಲಾಗಿ ಮಲಗಿಸಬೇಕು, ಗಡಿಯಾರ ನೋಡಬೇಕು ಎಂದು ಅವ್ವನೇ ಹೇಳಿಕೊಟ್ಟಳು.

ಈಗ ಅವರಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ 1927ರಲ್ಲಿ ಜನರಿಗೆ ತೆರೆದ ಒಂದು ಪಿಯೊನಿ ತೋಟವಿದೆ. ಮೇ ಕೊನೆಗೆ, ಜೂನ್ ಮೊದಲಿಗೆ ಸಾವಿರಾರು ಹೂವು ಒಮ್ಮೆಗೇ ಅರಳುತ್ತವೆ. ಅದನ್ನು ನೋಡಿ ಬಂದ ತಂಗಿ ಮನೆಯ ಹಿಂದೆ ತಾನೂ ಮೂರು ಗಿಡ ಹಾಕಿದಳು. ಅದರ ಆರೈಕೆಯ ಕಥೆಯನ್ನು ವಿಡಿಯೊ ಕರೆಯಲ್ಲಿ ಕೇಳುತ್ತ ಅವ್ವ ದಂಗಾದಳು, ಎಲ್ಲವೂ ನಮ್ಮ ಗುಲಾಬಿಗೆ ತಿರುಗುಮುರುಗು. ಪಿಯೊನಿಯ ಗಡ್ಡೆಬೇರನ್ನು ಚಳಿಗೆ ಮೊದಲು ನೆಡಬೇಕು. ಅದರ ಕೆಂಪು ಕಣ್ಣುಗಳು ಮಣ್ಣಿನಡಿ ಎರಡು ಇಂಚಿಗಿಂತ ಆಳಕ್ಕೆ ಹೋಗಬಾರದು. ಹೋದರೆ ಎಲೆ ಬರುತ್ತದೆ, ಹೂವು ಬರುವುದಿಲ್ಲ. ನೆಟ್ಟ ಮೇಲೆ ಎರಡು ಮೂರು ವರ್ಷ ಸುಮ್ಮನೆ ಕಾಯಬೇಕು. ಜಾಗ ಬದಲಿಸುವುದು ಅದಕ್ಕೆ ಆಗಿಬರುವುದಿಲ್ಲ. ಬಿಟ್ಟರೆ ಅದೇ ಜಾಗದಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಮೊಗ್ಗಿನ ಮೇಲೆ ಇರುವೆ ಹರಿದಾಡುತ್ತವೆ, ಓಡಿಸಬೇಕಿಲ್ಲ, ಅವು ಬರುವುದು ಮೊಗ್ಗಿನ ಮೇಲಿನ ಸಿಹಿಗೆ. ಹೂವು ಎಷ್ಟು ದಪ್ಪವೆಂದರೆ ಮಳೆ ಬಿದ್ದರೆ ತಲೆ ನೆಲಕ್ಕೆ ಬಾಗುತ್ತದೆ, ಆಸರೆ ಕಟ್ಟಬೇಕು. ಎಲೆ ಕಂದಿದ ಮೇಲೆ ದಂಟನ್ನು ನೆಲಮಟ್ಟಕ್ಕೆ ಕತ್ತರಿಸಿ ಹಿಮಕ್ಕೆ ಬಿಟ್ಟುಬಿಡಬೇಕು. ಆ ಚಳಿಯ ನಿದ್ದೆ ಇಲ್ಲದಿದ್ದರೆ ಮರುವರ್ಷ ಹೂವಿಲ್ಲ.

‘ಹಂಗಾದ್ರ ನಮ್ಮಲ್ಲಿ ಆಗಂಗಿಲ್ಲೇನು?’ ಎಂದಳು ಅವ್ವ.

‘ಆಗಂಗಿಲ್ಲವ್ವ. ಕಲಬುರಗ್ಯಾಗ ಅಷ್ಟು ಥಂಡಿ ಎಲ್ಲದ?’

ಆ ಹೂವಿನ ಬಗ್ಗೆ ಇನ್ನಷ್ಟು ತಿಳಿಯೋಣ ಎಂದು ಒಂದು ರಾತ್ರಿ ಓದುತ್ತ ಕುಳಿತವಳಿಗೆ ಸಿಕ್ಕಿದ್ದು ಆ ಹಳೆಯ ಹೆಸರು. ಯುನಾನಿ ವೈದ್ಯರು ಊದ್ ಸಲೀಬ್ ಎನ್ನುವುದು ಪಿಯೊನಿಯ ಬೇರನ್ನೇ. ಅರಬ್ಬಿಯಲ್ಲಿ ಅದರ ಅರ್ಥ ಶಿಲುಬೆಯ ಕಟ್ಟಿಗೆ. ಬೇರನ್ನು ಅಡ್ಡಲಾಗಿ ಕತ್ತರಿಸಿದರೆ ಶಿಲುಬೆಯಂಥ ಗೆರೆ ಕಾಣುತ್ತದೆ ಎಂದು ಆ ಹೆಸರಂತೆ. ಕಾಶ್ಮೀರದ ಕಡೆಯ ಹಿಮಾಲಯದಲ್ಲಿ ಬಿಳಿ ಹೂವಿನ ಒಂದು ಜಾತಿ ತಾನೇ ತಾನಾಗಿ ಬೆಳೆಯುತ್ತದೆ, ಅದರ ಬೇರನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಪಿಯೊನಿ ಎಂಬ ಹೆಸರು ಗ್ರೀಕರ ದೇವವೈದ್ಯ ಪಯಾನ್‌ನಿಂದ ಬಂದದ್ದು. ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಒಬ್ಬ ಹುಡುಗನ ಕಥೆ ಬರೆದಿದ್ದಾನೆ. ಕೊರಳಲ್ಲಿ ಈ ಬೇರು ಕಟ್ಟಿಕೊಂಡಿದ್ದ ಎಂಟು ತಿಂಗಳು ಅವನಿಗೆ ಮೂರ್ಛೆ ಬರಲಿಲ್ಲ. ದಾರ ಕಳಚಿ ಬಿದ್ದಾಗ ಬಂತು. ಮತ್ತೆ ಕಟ್ಟಿದಾಗ ನಿಂತಿತು. ಗ್ಯಾಲೆನ್‌ನ ಪುಸ್ತಕಗಳು ಅರಬ್ಬಿಗೆ ಹೋದವು, ಆ ವಿದ್ಯೆ ಅಲ್ಲಿಂದ ಹಿಂದೂಸ್ತಾನಕ್ಕೆ ಬಂತು. ಯುನಾನಿ ಎಂದರೇ ಗ್ರೀಸಿನದು ಎಂದರ್ಥ. ನಿಜಾಮರ ರಾಜ್ಯದಲ್ಲಿ 1948ರವರೆಗೂ ಇದ್ದ ನಮ್ಮೂರಿನಲ್ಲಿ ಹಕೀಮರ ಅಂಗಡಿಗಳು ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅಷ್ಟು ದೂರದಿಂದ ನಡೆದುಬಂದ ನಂಬಿಕೆಯೊಂದು ರೋಜಾದ ಎರಡು ಕೋಣೆಯ ಮನೆಯಲ್ಲಿ, ಕರಿ ದಾರದಲ್ಲಿ ನೇತಾಡುತ್ತಿತ್ತು.

ತಂಗಿಯನ್ನು ಉಳಿಸಿದ್ದು ಆ ಬೇರಲ್ಲ, ಗುಳಿಗೆ ಮತ್ತು ಕುಂಕುಮದ ಚುಕ್ಕೆಗಳು. ಈ ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು, ಯಾಕೆಂದರೆ ಇಂದಿಗೂ ದಾರವನ್ನು ನಂಬಿ ಗುಳಿಗೆ ಬಿಡುವವರಿದ್ದಾರೆ. ಆದರೂ ಈ ಸುದ್ದಿಯನ್ನು ತಂಗಿಗೆ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ಹಿಡಿದು ಹಿತ್ತಲಿಗೆ ಹೋಗಿ, ಹೂವಿನ ಬದಲು ಗಿಡದ ಬುಡವನ್ನು ತೋರಿಸಿದಳು.

ಅವ್ವನಿಗೆ ಈಗ ಎಂಬತ್ತರ ಹತ್ತಿರ. ರೋಜಾದ ಬಾಡಿಗೆ ಮನೆ ಬಿಟ್ಟು ವರ್ಷಗಳಾದವು, ಗುಲಾಬಿಗಳು ಈಗ ಮಾಳಿಗೆಯ ಮೇಲೆ ಕುಂಡದಲ್ಲಿವೆ. ಅವಳ ಮುಂದೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ: ಆ ಹೂವಿನ ಬೇರೇ ಇದು, ಗ್ರೀಕರಿಂದ ಬಂದದ್ದು, ಅದರಿಂದ ಕಾಯಿಲೆ ಹೋಗುವುದಿಲ್ಲ. ಅವ್ವ ನಕ್ಕಳು.

‘ಹೋಗಂಗಿಲ್ಲಂತ ನನಗ ಗೊತ್ತಿಲ್ಲೇನು? ಹೋಗೂದಿದ್ರ ದಿನಾ ಗುಳಿಗಿ ಯಾಕ ನುಂಗಸ್ತಿದ್ದೆ?’

‘ಮತ್ತ ಯಾಕ ಕಟ್ಟಿದ್ದಿ?’

‘ರಾತ್ರಿ ಲೈಟ್ ಹಾಕಿದ್ರ ನಿಮ್ಮಪ್ಪಗ ಎಚ್ಚರಾಗ್ತಿತ್ತು. ಕತ್ತಲ್ದಾಗ ಕೈಯಾಡಿಸಿದ್ರ ಆ ಬೇರು ಸಿಗ್ತಿತ್ತು. ಅದರ ಮ್ಯಾಲ ಬೆರಳಿಟ್ರ ಎದಿ ಏಳೂದು ಇಳಿಯೂದು ತಿಳೀತಿತ್ತು. ಉಸಿರಾಡ್ಲಿಕತ್ತಾಳ ಅಂತ ನಾ ಮಲಗ್ತಿದ್ದೆ.’

ಇಷ್ಟು ಹೇಳಿ ಅವಳು ಕತ್ತರಿ ಎಲ್ಲಿಟ್ಟಿದ್ದೀ ಎಂದು ಕೇಳಿದಳು. ಮಳೆ ನಿಂತು ಎರಡು ವಾರವಾಗಿತ್ತು, ಗುಲಾಬಿ ಸವರುವ ಹೊತ್ತು.