ಕಿವಿಗೆ ಬಿಟ್ಟ ಬಹುವಚನ

ಇಂಗ್ಲಿಷ್ ಬಹುವಚನವನ್ನು ನಮ್ಮ ವ್ಯಾಕರಣ ಪುಸ್ತಕಗಳು ಕಲಿಸುವ ರೀತಿ ನೋಡಿದರೆ ಸಿಟ್ಟು ಬರುತ್ತದೆ. ಎಸ್ ಸೇರಿಸಿ, ಸಿಎಚ್, ಎಸ್‌ಎಚ್, ಎಕ್ಸ್ ಕೊನೆಯಲ್ಲಿದ್ದರೆ ಇಎಸ್ ಸೇರಿಸಿ, ಆಮೇಲೆ ಅಪವಾದಗಳನ್ನು ಬಾಯಿಪಾಠ ಮಾಡಿ. ಚರ್ಚ್‌ಗೆ ಇಎಸ್ ಸರಿ. ಸ್ಟಮಕ್, ಮೊನಾರ್ಕ್ ಕೂಡ ಸಿಎಚ್‌ನಲ್ಲೇ ಮುಗಿಯುತ್ತವೆ, ಅವಕ್ಕೆ ಬರೀ ಎಸ್. ಅಪವಾದವೆಂದು ಹೇಳಿ ಪುಸ್ತಕ ಕೈತೊಳೆದುಕೊಳ್ಳುತ್ತದೆ. ಆದರೆ ಆ ಪದಗಳ ಕೊನೆಯ ಧ್ವನಿ ಚ್ ಅಲ್ಲವೇ ಅಲ್ಲ, ಕ್. ಕಣ್ಣು ನೋಡಿ ಮಾಡಿದ ನಿಯಮ ಇಲ್ಲಿ ಮುರಿಯುತ್ತದೆ, ಕಿವಿ ಕೇಳಿ ಮಾಡಿದ್ದು ಮುರಿಯುವುದಿಲ್ಲ. ಬಹುವಚನವನ್ನು ಧ್ವನಿಯಿಂದಲೇ ಕಲಿಸಬೇಕು, ಅದಕ್ಕೆ ಬೇಕಾದ ಸಲಕರಣೆ ಕನ್ನಡದ ವರ್ಣಮಾಲೆಯಲ್ಲೇ ಇದೆ ಎಂಬುದು ನನ್ನ ವಾದ.

ಗಂಟಲ ಮೇಲೆ ಎರಡು ಬೆರಳಿಟ್ಟು 'ಸ್' ಎಂದು ಎಳೆಯಿರಿ, ಬೆರಳಿಗೆ ಏನೂ ತಾಗದು. 'ಜ಼್' ಎಂದು ಎಳೆದರೆ ಗಂಟಲು ಅದುರುತ್ತದೆ. ನಮ್ಮ ವರ್ಗೀಯ ವ್ಯಂಜನಗಳ ಸಾಲು ನಿಂತಿರುವುದೇ ಈ ಅದುರಿನ ಲೆಕ್ಕದಲ್ಲಿ: ಮೊದಲ ಅಕ್ಷರ ಅಘೋಷ, ಮೂರನೆಯದು ಘೋಷ. ಪದ ಕ್, ಟ್, ಪ್‌ನಲ್ಲಿ ನಿಂತರೆ ಬುಕ್ಸ್, ಕ್ಯಾಟ್ಸ್, ಕಪ್ಸ್. ಗ್, ಡ್, ಬ್‌ನಲ್ಲೋ ಅನುನಾಸಿಕದಲ್ಲೋ ಸ್ವರದಲ್ಲೋ ನಿಂತರೆ ಡಾಗ್‌ಜ಼್, ಬೆಡ್‌ಜ಼್, ಪೆನ್‌ಜ಼್. ಚ್, ಜ್ ಮತ್ತು ಅವುಗಳ ನೆಂಟರಾದ ಸ್, ಶ್‌ಗಳ ಮೇಲೆ ನೇರವಾಗಿ ಇನ್ನೊಂದು ಸಕಾರ ಕೂರದು; ನಡುವೆ ಇಕಾರ ಬರಬೇಕು: ಬಸ್ಸಿಜ಼್, ಚರ್ಚಿಜ಼್. ನಿಯಮದ ತಿರುಳು ಇಷ್ಟೇ, ಎಷ್ಟು ಚೆಂದದ್ದು! 1958ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜೀನ್ ಬರ್ಕೊ 'ವಗ್' ಎಂಬ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ ಮಕ್ಕಳನ್ನು ಕೇಳಿದಾಗ, ಎಂದೂ ಕೇಳಿರದ ಆ ಪದಕ್ಕೂ ಹೆಚ್ಚಿನವರು 'ವಗ್‌ಜ಼್' ಎಂದರು. ಇಕಾರ ಬೇಕಾದ ಪದಗಳಲ್ಲಿ ಮಾತ್ರ ತಡವರಿಸಿದರು. ಪಾಠದ ಬಹುಪಾಲು ಸಮಯ ಹೋಗಬೇಕಾದದ್ದು ಅಲ್ಲಿಗೆ.

ಪರೀಕ್ಷೆಯಲ್ಲಿ ಬರೆಯಬೇಕಲ್ಲ, ಧ್ವನಿ ಕಟ್ಟಿಕೊಂಡು ಏನು ಮಾಡುವುದು ಎನ್ನುವವರಿದ್ದಾರೆ. ಇಕಾರ ಕೇಳಿಸಿದಲ್ಲಿ ಇಎಸ್ ಬರೆದರೆ ಪಟ್ಟಿಯ ದೊಡ್ಡ ಭಾಗ ಮುಗಿಯಿತು. ಪೊಟೇಟೊಗೆ ಇಎಸ್, ಫೋಟೊಗೆ ಎಸ್ ಎಂಬುದು ಬರವಣಿಗೆಯ ರೂಢಿ, ಅದನ್ನು ನೆನಪಿಡಲೇಬೇಕು. ಜ಼ಕಾರ ಕನ್ನಡಕ್ಕೂ ತುಳುವಿಗೂ ಸ್ವಂತದ್ದಲ್ಲ ಎಂಬ ಆಕ್ಷೇಪಕ್ಕೆ ಇನ್ನೂ ತೂಕವಿದೆ. ಡಾಗ್ಸ್ ಎಂದು ಸಕಾರವನ್ನೇ ಹೇಳಿದರೂ ಅರ್ಥ ಕೆಡದು, ಅಷ್ಟನ್ನು ಒಪ್ಪುತ್ತೇನೆ. ಆದರೆ ಅಘೋಷ ಘೋಷವಾಗುವುದು ನಮಗೆ ಹೊಸತೇ? ಮಳೆ, ಕಾಲ ಸೇರಿ ಮಳೆಗಾಲ. ಕಣ್, ಪನಿ ಸೇರಿ ಕಂಬನಿ. ನೈಫ್ ನೈವ್ಸ್ ಆದದ್ದೂ ಇದೇ ಜಾತಿಯ ಬದಲಾವಣೆ. ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿದ ಎಫ್ ಘೋಷವಾಗುತ್ತಿತ್ತು. ಕನ್ನಡ ಪೀರಿಯಡ್‌ನಲ್ಲಿ ಆದೇಶ ಸಂಧಿ ಕಲಿತ ಮಗುವಿಗೆ ಮುಂದಿನ ಪೀರಿಯಡ್‌ನಲ್ಲಿ ನೈವ್ಸನ್ನು ಅಪವಾದವೆಂದು ಉರು ಹೊಡೆಸುವುದು ಆ ಮಗುವಿನ ಬುದ್ಧಿಗೆ ಮಾಡುವ ಅವಮಾನ.

ಮನೆಯಲ್ಲಿ ತುಳು ಆಡುವ ಅಜೆಕಾರಿನ ಮಗು 'ಟೂ ಬಸ್' ಎಂದರೆ ಅದನ್ನು ಸೋಮಾರಿತನವೆಂದು ಗದರುವುದೂ ಅನ್ಯಾಯ. ಮನೆಯಲ್ಲಿ 'ರಡ್ಡ್ ಬಸ್', ಶಾಲೆಯಲ್ಲಿ 'ಎರಡು ಬಸ್ಸು'. ಸಂಖ್ಯೆ ಹೇಳಿದ ಮೇಲೆ ಪ್ರತ್ಯಯ ಬೇಕಾಗದು. ಬಹುವಚನವೇ ಇಲ್ಲವೆಂದಲ್ಲ, ತುಳುವಿನಲ್ಲಿ ನಾಯಿಲು, ಪೂಕುಲು, ಜೋಕುಲು ಇದ್ದೇ ಇವೆ. ಮನುಷ್ಯರನ್ನು ಎಣಿಸುವಾಗಲಂತೂ ಸಂಖ್ಯೆಯೇ ಇರ್ವೆರ್, ಮೂವೆರ್ ಎಂದು ರೂಪ ಬದಲಿಸುತ್ತದೆ. ಇಂಗ್ಲಿಷಿಗೆ ಆ ಸೂಕ್ಷ್ಮ ಇಲ್ಲ. ಟೆನ್ ರುಪೀಸ್ ಎನ್ನುವ ಅದೇ ಭಾಷೆ ಟೆನ್ ರುಪೀ ನೋಟ್ ಎನ್ನುವಾಗ ನಮ್ಮ ದಾರಿಗೇ ಬರುತ್ತದೆ, ಪಾಠವನ್ನು ಅಲ್ಲಿಂದ ಶುರು ಮಾಡಬಹುದು. ನೋಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ಅದರ ಮೇಲಿನ ಕನ್ನಡ 'ಹತ್ತು ರೂಪಾಯಿಗಳು' ಎನ್ನುತ್ತದೆ. ಕಾರ್ಕಳದ ಯಾವ ಅಂಗಡಿಯಲ್ಲೂ ಹಾಗೆ ಹೇಳಿ ಯಾರೂ ಚಿಲ್ಲರೆ ಕೇಳುವುದಿಲ್ಲ.