ಹಾಡಿಗೂ ಒಂದು ಪರಿಮಾಣ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ವ್ರತದ ಪ್ರಸ್ತಾಪ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಆಹಾರದ ವಿಚಾರವೇ ನಡೆಯುತ್ತದೆ. ಕಂದಮೂಲ, ರಾತ್ರಿಭೋಜನ, ಪರ್ವದಿನಗಳಲ್ಲಿ ಹಸಿ ತರಕಾರಿಯ ತ್ಯಾಗ, ಇಷ್ಟರಲ್ಲಿ ಚರ್ಚೆ ಮುಗಿಯುತ್ತದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಒಳಪಡುವ ವಿಷಯಗಳನ್ನು ಎಣಿಸುತ್ತ ಭೋಜನ, ವಾಹನ, ಶಯನ, ಸ್ನಾನ, ಪುಷ್ಪ, ತಾಂಬೂಲ, ವಸ್ತ್ರ, ಆಭರಣಗಳೊಡನೆ ಸಂಗೀತವನ್ನೂ ಗೀತವನ್ನೂ ಸೇರಿಸಿದ್ದಾರೆ. ತ್ಯಾಗದ ಅವಧಿಗೂ ಅಳತೆಯಿದೆ: ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ. ಬಾಳಿನುದ್ದಕ್ಕೂ ಬಿಡುವುದು ಯಮ, ಕಾಲಮಿತಿಯಿಟ್ಟು ಬಿಡುವುದು ನಿಯಮ.

ಒಮ್ಮೆ ಅನುಭವಿಸಿ ಮುಗಿಯುವುದು ಭೋಗ. ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ಅನ್ನ ಮೊದಲನೆಯದಕ್ಕೆ, ವಸ್ತ್ರ ಎರಡನೆಯದಕ್ಕೆ ಉದಾಹರಣೆ. ಧ್ವನಿಮುದ್ರಿತವಾದ ಹಾಡು ಉಪಭೋಗವೇ ಸರಿ. ಆದರೆ ವಸ್ತ್ರವಾದರೂ ಉಟ್ಟಷ್ಟೂ ಸವೆಯುತ್ತದೆ. ಇಂದು ಕೈಯೊಳಗಿನ ದೂರವಾಣಿಯಲ್ಲಿ ಕೇಳುವ ಹಾಡಿಗೆ ಸವಕಳಿಯೂ ಇಲ್ಲ, ಮನೆಯಲ್ಲಿ ಜಾಗವೂ ಬೇಡ. ಒಬ್ಬ ಸಂಗೀತಗಾರನ ಸಮಸ್ತ ಕೃತಿಗಳೂ ಬೆರಳ ತುದಿಗೆ ಬರುತ್ತವೆ. ವಸ್ತು ನಮ್ಮ ಸ್ವಾಧೀನದಲ್ಲಿಲ್ಲ, ಆದ್ದರಿಂದ ಇದು ಪರಿಗ್ರಹವಲ್ಲ ಎಂದು ವಾದಿಸುವವರುಂಟು. ಮೂರ್ಛೆಯೇ ಪರಿಗ್ರಹವೆಂದು ಒಪ್ಪಿದವರಿಗೆ ಈ ವಾದದಿಂದ ಸಮಾಧಾನವಾಗಲಾರದು. ಒಂದು ಬಿಡದೆ ಎಲ್ಲವನ್ನೂ ಕೇಳಿ ಮುಗಿಸಬೇಕೆಂಬ ಹಟವಿದೆಯಲ್ಲ, ಅದು ಕಪಾಟಿನಲ್ಲಿ ತಟ್ಟೆಗಳನ್ನು ಪೇರಿಸುವುದಕ್ಕಿಂತ ಕಡಿಮೆಯ ಸಂಗ್ರಹವೇನಲ್ಲ.

ನನಗೆ ಬಹುಕಾಲದಿಂದ ಪ್ರಿಯನಾದ ರಾಕ್ ಸಂಗೀತಗಾರ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್. ಆತನ ಹೆಸರಿನಲ್ಲಿ, 1968ರ ವಂಡರ್‌ವಾಲ್ ಮ್ಯೂಸಿಕ್‌ನಿಂದ ಮೊದಲ್ಗೊಂಡು ಮರಣಾನಂತರ 2002ರಲ್ಲಿ ಬಂದ ಬ್ರೇನ್‌ವಾಶ್ಡ್‌ವರೆಗೆ, ಹನ್ನೆರಡು ಸ್ಟುಡಿಯೋ ಆಲ್ಬಂಗಳಿವೆ. ಒಂದು ಋತುವಿಗೆ ಒಂದೇ ಆಲ್ಬಂ, ಚಾತುರ್ಮಾಸ ವ್ಯಾಪಿಸುವ ವರ್ಷಾ ಮತ್ತು ಶರದೃತುಗಳಲ್ಲಿ ಯಾವುದೂ ಇಲ್ಲ ಎಂಬ ನಿಯಮವನ್ನು ಕೈಗೊಂಡಿದ್ದೇನೆ. ಹಾಗಾಗಿ ವರ್ಷಕ್ಕೆ ನಾಲ್ಕೇ. ಸದ್ಯ ಚಾತುರ್ಮಾಸಕ್ಕೆ ಮುನ್ನ ಉಳಿದಿರುವುದು ಗ್ರೀಷ್ಮವೊಂದೇ. ಅದಕ್ಕೆ ಯಾವುದು?

ಶಿಶಿರದಲ್ಲಿ 1970ರ ಆಲ್ ಥಿಂಗ್ಸ್ ಮಸ್ಟ್ ಪಾಸ್ ಕೇಳಿದ್ದಾಯಿತು. ಮೂರು ತಟ್ಟೆಗಳ ದೊಡ್ಡ ಕೃತಿ. ಹೆಸರೇ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಕ್ಕೆ ಇಟ್ಟಂತಿದೆ. ಫಿಲ್ ಸ್ಪೆಕ್ಟರನೊಡನೆ ನಿರ್ಮಿಸಿದ ಅದರ ನಾದ ಬಹಳ ದಟ್ಟ. ಮೂವತ್ತು ವರ್ಷಗಳ ಬಳಿಕ 2001ರಲ್ಲಿ ಮರುಪ್ರಕಟಿಸುವಾಗ ಸ್ವತಃ ಹ್ಯಾರಿಸನ್ನನೇ ಆ ಪ್ರತಿಧ್ವನಿಯ ಭಾರದಿಂದ ಕೆಲವು ಹಾಡುಗಳನ್ನು ಬಿಡಿಸುವ ಆಸೆಯನ್ನು ತೋಡಿಕೊಂಡಿದ್ದ. ಮೂರನೆಯ ತಟ್ಟೆಯ ವಾದ್ಯಗಳ ಗದ್ದಲವಿಲ್ಲದಿದ್ದರೆ ನಷ್ಟವೇನೂ ಇರುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ವಸಂತವನ್ನು, ಹನ್ನೆರಡರ ಹೊರಗಿನದಾದರೂ, ಬಾಂಗ್ಲಾದೇಶ ಕಛೇರಿಯ ಮುದ್ರಿಕೆಗೆ ಕೊಟ್ಟೆ. ಪಂಡಿತ ರವಿಶಂಕರರ ಕೋರಿಕೆಯ ಮೇರೆಗೆ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿರಾಶ್ರಿತರಿಗಾಗಿ ಎರಡು ಕಛೇರಿಗಳು ನಡೆದವು. ಟಿಕೆಟಿನಿಂದ ಬಂದ ಸುಮಾರು 2,43,000 ಡಾಲರು ಯುನಿಸೆಫ್‌ಗೆ ಸಂದಿತು. ಆದರೆ ಧ್ವನಿಮುದ್ರಿಕೆ, ಚಲನಚಿತ್ರಗಳಿಂದ ಬಂದ ದೊಡ್ಡ ಮೊತ್ತ, ತೆರಿಗೆ ವಿನಾಯಿತಿಯ ಏರ್ಪಾಟು ಮೊದಲೇ ಆಗಿರದ ಕಾರಣ, ಅಮೆರಿಕದ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ಸಿಲುಕಿತು. ದಾತೃವಿನ ಭಾವ ನಿರ್ಮಲ, ಪಾತ್ರನು ಹಸಿದವನು, ದ್ರವ್ಯ ಸಿದ್ಧ, ವಿಧಿಯೊಂದು ತಪ್ಪಿತು. ದಾನದಲ್ಲಿ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನೂ ನಮ್ಮವರು ಏಕೆ ಹೇಳಿದರೆಂಬುದು ಬಸದಿಗಳ ಟ್ರಸ್ಟುಗಳಲ್ಲಿ ಲೆಕ್ಕ ಬರೆಯುವವರಿಗೆ ಚೆನ್ನಾಗಿ ಅರ್ಥವಾದೀತು.

ಗ್ರೀಷ್ಮಕ್ಕೆ ಮೂರು ಆಲ್ಬಂಗಳು ಮನಸ್ಸಿನಲ್ಲಿವೆ. ಒಂದು, 1976ರ ಥರ್ಟಿ ತ್ರೀ ಅಂಡ್ ಎ ಥರ್ಡ್. ಅದೇ ವರ್ಷ ನ್ಯೂಯಾರ್ಕಿನ ನ್ಯಾಯಾಲಯವು ಹ್ಯಾರಿಸನ್ನನ ಮೈ ಸ್ವೀಟ್ ಲಾರ್ಡ್ ಎಂಬ ಹಾಡಿನ ಧಾಟಿ 1963ರ ಹೀ ಈಸ್ ಸೋ ಫೈನ್ ಎಂಬ ಹಾಡಿನದೆಂದು ತೀರ್ಪಿತ್ತಿತು. ಬೇಕೆಂದು ಕದ್ದದ್ದಲ್ಲ, ಸುಪ್ತಮನಸ್ಸಿನಿಂದ ಬಂದದ್ದು. ಆದರೂ ಹೊಣೆ ತಪ್ಪದು ಎಂಬುದು ಆ ತೀರ್ಪಿನ ಸಾರ. ಆ ಮೊಕದ್ದಮೆಯನ್ನೇ ಕುರಿತ ಒಂದು ವಿನೋದದ ಹಾಡು ಈ ಆಲ್ಬಮಿನಲ್ಲಿದೆ. ನ್ಯಾಯಾಲಯ ನೋಡಿದ್ದು ಒಡೆಯನಿಗಾದ ಹಾನಿಯನ್ನು. ನಮ್ಮ ಶಾಸ್ತ್ರ ಕೇಳುವ ಪ್ರಶ್ನೆ ಬೇರೆ: ಕೊಡದೇ ಇದ್ದುದನ್ನು ತೆಗೆದುಕೊಂಡಾಗ ಅಲ್ಲಿ ಪ್ರಮಾದವಿತ್ತೇ? ಕೇಳಿದ್ದೆಲ್ಲ ನೆನಪಿನಲ್ಲಿ ಬೆರೆತುಹೋಗುವ ಸಂಗೀತಗಾರನಿಗೆ ಅಪ್ರಮತ್ತತೆ ಎಷ್ಟರಮಟ್ಟಿಗೆ ಸಾಧ್ಯ? ಇದು ಸುಲಭವಾಗಿ ಬಗೆಹರಿಯದು. ಪ್ರಸಂಗ ರುಚಿಕರವೇ, ಆದರೆ ಮೊಕದ್ದಮೆಯ ಕುತೂಹಲಕ್ಕಾಗಿ ಹಾಡು ಕೇಳುವುದು ನನಗೆ ಅಷ್ಟು ಹಿತವೆನಿಸಲಿಲ್ಲ.

ಎರಡನೆಯದು ಬ್ರೇನ್‌ವಾಶ್ಡ್. 2001ರ ನವೆಂಬರಿನಲ್ಲಿ ಹ್ಯಾರಿಸನ್ ತೀರಿಕೊಂಡ ಮೇಲೆ ಮಗನೂ ಗೆಳೆಯ ಜೆಫ್ ಲಿನ್ನನೂ ಕೂಡಿ ಪೂರ್ಣಗೊಳಿಸಿದ್ದು. ಮಗನ ಹೆಸರು ಧನಿ. ನಮ್ಮ ಸಪ್ತಸ್ವರಗಳಲ್ಲಿನ ಧ ಮತ್ತು ನಿ ಸೇರಿ ಆದ ಹೆಸರು. ಇದನ್ನು ಅವಸರದಲ್ಲಿ ಕೇಳುವಂತಿಲ್ಲ.

ಮೂರನೆಯದು 1973ರ ಲಿವಿಂಗ್ ಇನ್ ದಿ ಮೆಟೀರಿಯಲ್ ವರ್ಲ್ಡ್. ಉಪದೇಶ ಹೆಚ್ಚಾಯಿತೆಂದು ವಿಮರ್ಶಕರು ಅಂದು ಮೂಗುಮುರಿದ ಕೃತಿ. ಅದರ ಬಹುಪಾಲು ಹಾಡುಗಳ ಹಕ್ಕನ್ನು ಆತ ತಾನೇ ಆಗ ಸ್ಥಾಪಿಸಿದ ದತ್ತಿಸಂಸ್ಥೆಗೆ ಬಿಟ್ಟುಕೊಟ್ಟ. ಲೌಕಿಕದ ಸೆಳೆತವನ್ನು ಕುರಿತು ಹಾಡಿದವನು ಆ ಹಾಡಿನ ಗಳಿಕೆಯನ್ನು ತನ್ನಲ್ಲಿ ಇಟ್ಟುಕೊಳ್ಳಲಿಲ್ಲವೆಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಸ್ವಾಧ್ಯಾಯಕ್ಕೆ ಬರುವ ಹಿರಿಯರೊಬ್ಬರು ಆಕ್ಷೇಪಿಸಿದರು: ಅದೇ ವರ್ಷ ಇಂಗ್ಲೆಂಡಿನಲ್ಲಿ ಕೃಷ್ಣಭಕ್ತರಿಗೆ ಒಂದು ದೊಡ್ಡ ಬಂಗಲೆಯನ್ನೇ ಕೊಂಡು ಕೊಟ್ಟವನು ಆತ, ಅವನ ಭಕ್ತಿಗೀತೆ ಕೇಳುವುದು ದೇವಮೂಢತೆಯಾಗದೇ? ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಸಮಂತಭದ್ರರು ದೇವಮೂಢತೆಯೆಂದದ್ದು ವರವನ್ನು ಬಯಸಿ, ರಾಗದ್ವೇಷಗಳುಳ್ಳ ದೇವತೆಗಳನ್ನು ಉಪಾಸಿಸುವುದನ್ನು. ಪರರ ಭಕ್ತಿಯನ್ನು ಆಲಿಸುವುದು ಉಪಾಸನೆಯಲ್ಲ, ಅಲ್ಲಿ ವರದ ಬಯಕೆಯೂ ಇಲ್ಲ. ನಾನು ಅಂಜುವುದು ಬೇರೊಂದಕ್ಕೆ. ನನಗೆ ಒಪ್ಪಿಗೆಯಾದ ಮಾತನ್ನೇ ಆತ ಹೇಳಿದ್ದಾನೆಂಬ ಸಂತೋಷಕ್ಕಾಗಿ ಈ ಆಲ್ಬಮನ್ನು ಆರಿಸುತ್ತಿದ್ದೇನೆಯೇ? ಹಾಗಿದ್ದರೆ ಅದೂ ರಾಗವೇ. ಸಂಗೀತದ ರಾಗವಲ್ಲ, ಇನ್ನೊಂದು.

ಹಿರಿಯರು ನಕ್ಕು, ಹಾಗಾದರೆ ಕೇಳಿ ನೋಡಿ, ಎಂದರು. ಗ್ರೀಷ್ಮಕ್ಕೆ ಅದೇ ಎಂದು ನಿಶ್ಚಯವಾಗಿದೆ. ಬ್ರೇನ್‌ವಾಶ್ಡ್ ಹೇಮಂತಕ್ಕೆ. 1982ರ ಗಾನ್ ಟ್ರಾಪ್ಪೊವನ್ನು ಯಾದಿಯಿಂದ ತೆಗೆದುಹಾಕಿದ್ದೇನೆ. ಹನ್ನೆರಡರಲ್ಲಿ ಒಂದಾದರೂ ಕೇಳದೆ ಉಳಿಯಲಿ.